ಬಿಚ್ಚದ ಗಂಟು

ಖಾಲಿಯಾದ ಬಣ್ಣದ ಬಕೆಟ್ಟನ್ನು ಹೆಂಡತಿ ಎಸೆಯಲು ಹೊರಟದ್ದೇ ಎಲ್ಲಕ್ಕೂ ಮೂಲ. ಕನ್ನಡಕದಂಗಡಿಯಲ್ಲಿ ಮೂವತ್ತು ವರ್ಷದಿಂದ ಗಾಜು ಉಜ್ಜುತ್ತ ಬೀದಿಗೆಲ್ಲ ಗಾಜಣ್ಣನೆಂದೇ ಹೆಸರಾದ ಅವನು ಅದನ್ನು ಕಿತ್ತುಕೊಂಡು, ಸ್ನಾನಕ್ಕೂ ಮುಂಚೆ ಸೈಕಲ್ಲಿನ ಕ್ಯಾರಿಯರ್ ಪಕ್ಕಕ್ಕೆ ನೈಲಾನ್ ಹಗ್ಗದಲ್ಲಿ ಬಿಗಿದುಬಿಟ್ಟ. ಆ ಸೈಕಲ್ಲಿನಲ್ಲಿ ಅಂಗಡಿಯಿಂದ ಕೊಂಡ ಭಾಗವನ್ನು ಹುಡುಕಬೇಕು. ಮಡ್‌ಗಾರ್ಡು ಎಣ್ಣೆ ಡಬ್ಬಿಯದು, ದೀಪ ಕೂತದ್ದು ನೀರಿನ ಪೈಪಿನ ತುಂಡಿನ ಮೇಲೆ, ಸೀಟಿನ ಕವರು ಹೆಂಡತಿಯ ಹಳೆಯ ರೇನ್‌ಕೋಟು.

"ನಟ್ಟು ಬೋಲ್ಟು ಹಾಕ್ಬಾರ್ದೇನಪ್ಪಾ?" ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು.

"ನಟ್ಟು ಸಡಿಲ ಆಗುತ್ತೆ ಸಾರ್. ಈ ಗಂಟು ಆಗಲ್ಲ. ಹದಿನಾರನೇ ವಯಸ್ಸಲ್ಲಿ ಕಾಡಲ್ಲಿ ಕಲಿತದ್ದು."

"ಶುರುವಾಯ್ತು ಕಾಡಿನ ಪುರಾಣ," ಎಂದು ಹೆಂಡತಿ ಒಳಗೆ ನಡೆದಳು.

ಶಾಲೆಯವರು ಹತ್ತು ದಿನ ಕಾಡಿನಲ್ಲಿಟ್ಟು, ಏನೂ ಇಲ್ಲದೆ ಬದುಕುವುದು ಹೇಗೆಂದು ಕಲಿಸಿದ್ದರು. ಎಲೆ ಹಾಸಿ ಮಲಗಿದ್ದು, ತೊರೆಗೆ ಬಾಯಿ ಹಚ್ಚಿ ನೀರು ಕುಡಿದದ್ದು, ಎಲ್ಲ ನಿನ್ನೆಯಷ್ಟೇ ಎಂಬಂತಿತ್ತು. ಆಮೇಲೆ ಗಾಜಣ್ಣನ ಮುಖಕ್ಕೆ ಗಾಜಿನ ಪುಡಿ ಬಿಟ್ಟು ಬೇರೇನೂ ರಾಚಿರಲಿಲ್ಲ.

ಅಂಗಡಿಗೆ ಹೋದೊಡನೆ ಮಾಲೀಕರು ಒಂದು ಕನ್ನಡಕದ ಡಬ್ಬಿ ಕೈಗಿಟ್ಟರು. "ಹನ್ನೊಂದರೊಳಗೆ ತಲುಪಿಸು. ಮುದುಕರು ಮೂರು ಸಲ ಫೋನ್ ಮಾಡಿದಾರೆ. ಈ ಸಲಾನೂ ತಡ ಆದ್ರೆ ಹೊರಗಿನ ಓಡಾಟ ಬಂದ್, ದಿನಪೂರ್ತಿ ಮೆಷಿನ್ ಮುಂದೇನೇ."

ಸೈಕಲ್ ಓಡಾಟವೊಂದೇ ಅವನ ಸುಖ. ಡಬ್ಬಿಯನ್ನು ಬಕೆಟ್ಟಿಗಿಳಿಸಿ ಹೊರಟ. ಇಳಿಜಾರಿನಲ್ಲಿ ಬಕೆಟ್ಟು ವಾಲಿತು, ಹಗ್ಗದ ತುದಿ ಚಕ್ರದ ಕಡ್ಡಿಗಳಿಗೆ ಸುತ್ತಿಕೊಂಡಿತು, ಹಿಂದಿನ ಚಕ್ರ ಹಟ ಹಿಡಿದ ಎಮ್ಮೆಯಂತೆ ನಿಂತೇಬಿಟ್ಟಿತು. ಗಾಜಣ್ಣ ಹ್ಯಾಂಡಲ್ ದಾಟಿ ಯಾರದೋ ಗೇಟಿಗೆ ಸಾಷ್ಟಾಂಗ ಹಾಕಿದ.

ಎದುರಿನ ದರ್ಜಿ ಕತ್ತರಿ ಹಿಡಿದು ಬಂದ. "ಒಂದೇ ಏಟು, ಕತ್ತರಿಸ್ತೀನಿ."

"ಬೇಡಣ್ಣ, ಇದು ಕಾಡಿನ ಗಂಟು."

ಇಸ್ತ್ರಿಯವನು ಎಣ್ಣೆ ಸುರಿದ. ಗಂಟು ಬಿಚ್ಚಲಿಲ್ಲ, ಹಿಡಿತಕ್ಕೂ ಸಿಗದಾಯಿತು. ಇಬ್ಬರೂ ಸೇರಿ ಎಳೆದಾಗ ಬಕೆಟ್ಟಿನ ತಳ ಕಳಚಿತು. ಗಾಜಣ್ಣ ಡಬ್ಬಿಯನ್ನು ಎದೆಗವಚಿಕೊಂಡ. ಅಷ್ಟರಲ್ಲಿ ವಾಕಿಂಗ್ ಬಂದಿದ್ದ ಪೋಸ್ಟ್‌ಮಾಸ್ಟರು ಗುಂಪಿನೊಳಗೆ ತೂರಿದರು.

"ಯೋಚ್ನೆ ಮಾಡ್ಬೇಡ. ನಿನ್ನ ಮಾಲೀಕ್ರಿಗೆ ಫೋನ್ ಮಾಡಿ ಹೇಳ್ದೆ, ರಸ್ತೇಲಿ ಬಿದ್ದಿದಾನೆ, ಇನ್ನೂ ತಡ ಆಗುತ್ತೆ ಅಂತ."

ಗಾಜಣ್ಣ ಡಬ್ಬಿ ಹಿಡಿದು ಗೇಟಿನ ಮುಂದೆ ಅತ್ತಿಂದಿತ್ತ ಓಡಾಡತೊಡಗಿದ. ಆಗ ಗೇಟು ತೆರೆದು ಮುದುಕರೊಬ್ಬರು ತಡಕಾಡುತ್ತ ಬಂದರು. "ಗಾಬರಿ ಆದಾಗ ಮೊದಲು ಕೂತ್ಕೋಬೇಕು. ಕೂತ್ಕೊಳ್ಳಯ್ಯ."

ಗಾಜಣ್ಣ ಕೂತೇಬಿಟ್ಟ. ಕಾಡಿನಲ್ಲಿ ದಾರಿ ತಪ್ಪಿದವರಿಗೆ ಶಿಬಿರದ ಮೇಷ್ಟ್ರು ಹೇಳುತ್ತಿದ್ದದ್ದು ಇದೇ ಮಾತು, ಇದೇ ದನಿ. ಗೇಟಿನ ನಂಬರು ನೋಡಿದರೆ ಡಬ್ಬಿಯ ಮೇಲಿನ ನಂಬರೇ. ಡಬ್ಬಿ ತೆರೆದು ಅವರಿಗೆ ಕನ್ನಡಕ ತೊಡಿಸಿದ.

"ಸಾರ್, ಕಾಡಿನ ಶಿಬಿರ. ಈ ಗಂಟು ನೀವೇ ಕಲಿಸಿದ್ದು."

ಮೇಷ್ಟ್ರು ಬಗ್ಗಿ ಗಂಟನ್ನು ನೋಡಿದರು. ಮುಖ ಕೆಂಪಾಯಿತು. ಅವನ ಪಕ್ಕದಲ್ಲೇ ಕೂತು ದನಿ ತಗ್ಗಿಸಿದರು. "ಶಿಬಿರಕ್ಕೆ ಬರಬೇಕಿದ್ದವರಿಗೆ ಜ್ವರ ಬಂತಪ್ಪ. ನಾನು ಡ್ರಾಯಿಂಗ್ ಮೇಷ್ಟ್ರು. ಹಿಂದಿನ ದಿನ ಪುಸ್ತಕ ನೋಡ್ಕೊಂಡು ಬಂದಿದ್ದೆ. ನಿಮ್ಮೆದುರಿಗೆ ಕಟ್ಟಿದ ಮೇಲೆ ಬಿಚ್ಚೋಕೆ ಬರ್ಲಿಲ್ಲ. ಮರ್ಯಾದೆ ಉಳಿಸ್ಕೊಳ್ಳೋಕೆ, ಇದು ಬಿಚ್ಚದ ಗಂಟು ಅಂದೆ."

ಗಾಜಣ್ಣನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೊನೆಗೆ ನಗುವೇ ಗೆದ್ದಿತು. ಮೇಷ್ಟ್ರೂ ಕಣ್ಣೊರೆಸಿಕೊಂಡು ನಕ್ಕರು. "ಆ ಹತ್ತು ದಿನ ನಿಮ್ಮೆಲ್ಲರಿಗಿಂತ ಹೆದರಿದ್ದು ನಾನೇ. ಸುತ್ತ ನೀವು ಮಲಗಿದ್ರಿ, ಅದಕ್ಕೇ ನಿದ್ದೆ ಬರ್ತಿತ್ತು."

ಅಷ್ಟರಲ್ಲಿ ಮಾಲೀಕರ ಫೋನು ಬಂತು. ನಾಳೆಯಿಂದ ಮೆಷಿನ್ ಮುಂದೇನೇ. "ಆಯ್ತು ಸಾರ್," ಎಂದ ಗಾಜಣ್ಣ. ದರ್ಜಿ ಮತ್ತೆ ಕತ್ತರಿ ಚಾಚಿದ. ಗಾಜಣ್ಣ ಅರೆಗಳಿಗೆ ಅದನ್ನು ನೋಡಿ, ಬೇಡವೆಂದು ತಲೆಯಾಡಿಸಿ, ಸೈಕಲ್ಲನ್ನು ಹೆಗಲಿಗೇರಿಸಿದ.

"ಆವತ್ತು ಕಾಡಲ್ಲಿ ಸುರಿಯೋ ಮಳೇಲಿ ನೀವು ಹುಡುಗ್ರು ಬೆಂಕಿ ಹಚ್ಚಿದ್ರಲ್ಲ," ಮೇಷ್ಟ್ರು ಹಿಂದಿನಿಂದ ಕೂಗಿದರು. "ಅದು ಪುಸ್ತಕದಲ್ಲೂ ಇರ್ಲಿಲ್ಲ. ಭಾನುವಾರ ಬಂದು ಹೇಗೆ ಅಂತ ಹೇಳ್ಕೊಡು."

"ಅದು ನಂಗೂ ಗೊತ್ತಿಲ್ಲ ಸಾರ್," ಎಂದ ಗಾಜಣ್ಣ. "ಬರ್ತೀನಿ."