ಅಮೆರಿಕದ ಅಂಚಿಗೆ ನನ್ನ ಫಾಲ್

ಸುಮ್ಮನೆ ಮೂಲೆಯಲ್ಲಿ ಕೂತು ಬೀನ್ಸ್ ನಾರು ತೆಗೆಯುವವಳನ್ನೇ ಹುಡುಕಿಕೊಂಡು ಇಂಥ ಫಜೀತಿಗಳು ಬರುತ್ತವೆ ನೋಡಿ. ಊರಿನಲ್ಲಿದ್ದಾಗ ನಡೆದು ಬರುತ್ತಿದ್ದವು. ದುಬೈಯ ಕರಾಮದಲ್ಲಿ ಮಗನ ಮನೆಗೆ ಬಂದು ಮೂರನೇ ಮಾಳಿಗೆಯಲ್ಲಿ ಕೂತೆ, ಲಿಫ್ಟ್ ಹತ್ತಿಕೊಂಡು ಬಂದವು.

ವಿಷಯ ಇಷ್ಟೇ. ಮಗನ ಕಂಪನಿಯವರು ಅವನನ್ನು ಮದೀನತ್ ಜಾಯೆದ್‌ಗೆ ಹಾಕಿದರು. ಮರಳುಗಾಡಿನ ಆಚೆ, ಎಣ್ಣೆ ಬಾವಿಗಳ ಕಡೆ. ಅವನಿಗೆ ಕ್ಯಾಂಪಿನಲ್ಲಿ ಒಂದು ಮಂಚ ಉಂಟು, ಮನೆಯವರ ಬಾಡಿಗೆ ಇನ್ನು ಕೊಡುವುದಿಲ್ಲ ಎಂದರು. ಸೊಸೆಗೊಂದು ಕೆಲಸ ಗಟ್ಟಿಯಾದರೆ ನಾವು ಇಲ್ಲೇ. ಇಲ್ಲದಿದ್ದರೆ ಸೊಸೆ, ಮೊಮ್ಮಗಳು, ನಾನು ಮೂವರೂ ಗಂಟು ಕಟ್ಟಿ ಊರಿಗೆ, ಅವನೊಬ್ಬ ಮರಳಿಗೆ. ಅಷ್ಟರಲ್ಲಿ ದೊಡ್ಡ ಮಾಲಿನ ಒಂದು ಬಟ್ಟೆ ಅಂಗಡಿಯವರು ಸೊಸೆಯನ್ನು ತೆಗೆದುಕೊಂಡರು. ಮೂರು ತಿಂಗಳು ನೋಡುತ್ತಾರಂತೆ, ಸರಿ ಕಂಡರೆ ಖಾಯಂ. ಅಂಗಡಿ ಅಮೆರಿಕದ ಯಾರೋ ಭಾರೀ ಹೆಸರಿನ ಫ್ಯಾಶನ್ ಡಿಸೈನರ್ ಹೆಂಗಸಿನದು.

ದರ್ಜಿ ಓಡಿಹೋದನಾ?

ಸೊಸೆಯ ಅಂಗಡಿ ನೋಡಬೇಕೆಂದು ಮೊಮ್ಮಗಳನ್ನು ಕರೆದುಕೊಂಡು ಮೆಟ್ರೋದಲ್ಲಿ ಹೋದೆ. ಗಾಜಿನೊಳಗೆ ಎಂಟು ಗೊಂಬೆಗಳು. ಮೈಮೇಲೆ ಚಂದದ ಬಟ್ಟೆ, ನೀರಿನ ಹಾಗೆ ಇಳಿಯುವ ರೇಷ್ಮೆ. ಕೆಳಗೆ ನೋಡಿದರೆ ಒಂದಕ್ಕೂ ಅಂಚು ಮಡಿಸಿಲ್ಲ! ಎಳೆಗಳೆಲ್ಲ ಬಿಟ್ಟುಕೊಂಡು ಹುಣಸೆ ನಾರಿನ ಹಾಗೆ ನೇತಾಡುತ್ತಿವೆ.

ಊರಿನಲ್ಲಿ ನಾನು ನಮ್ಮ ಕೇರಿಯ ಅರ್ಧ ಹೆಂಗಸರ ಸೀರೆಗೆ ಫಾಲ್ ಹಚ್ಚಿಕೊಟ್ಟವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ಅಂಚು ಬಿಟ್ಟ ಬಟ್ಟೆ ಕಂಡರೆ ಕೈ ತುರಿಸುತ್ತದೆ. ಸೊಸೆಯನ್ನು ಕರೆದು ಮೆಲ್ಲಗೆ ಕೇಳಿದೆ, "ಎಂತ ಮಗಾ, ಅರ್ಧದಲ್ಲಿ ದರ್ಜಿ ಓಡಿಹೋದನಾ?"

ಸೊಸೆ ಆಚೀಚೆ ನೋಡಿ ನನ್ನ ಕೈ ಒತ್ತಿದಳು. "ಶ್! ಅತ್ತೆ, ಅದೇ ಇವರ ಹೆಸರು. ಐವತ್ತು ವರ್ಷದಿಂದ ಅಂಚು ಹೊಲಿಯದೆಯೇ ಇಷ್ಟು ದೊಡ್ಡವರಾದದ್ದು."

ನನಗೆ ಅಲ್ಲೇ ಹೊಟ್ಟೆ ಉರಿಯಿತು. ಹೊಲಿದು ಹೊಲಿದು ನಾನು ಬರೀ ಬೆರಳು ಚುಚ್ಚಿಸಿಕೊಂಡೆ!

ಕಂಠಪಾಠ

ಗಿರಾಕಿಗಳಿಗೆ ಬಟ್ಟೆ ತೋರಿಸಿದರೆ ಸಾಲದಂತೆ, ಡಿಸೈನರಮ್ಮನ ಜೀವನಚರಿತ್ರೆಯನ್ನೂ ಹೇಳಬೇಕಂತೆ. ಅಂಗಡಿಯವರು ಒಂದು ಪುಸ್ತಕವನ್ನೇ ಕೊಟ್ಟಿದ್ದರು. ಸೊಸೆ ದೋಸೆ ಹುಯ್ಯುತ್ತಾ ಇಂಗ್ಲಿಷಿನಲ್ಲಿ ಉರು ಹೊಡೆಯುವುದು, ನನಗೆ ಕನ್ನಡದಲ್ಲಿ ಹೇಳುವುದು. ಬಾಡಿಗೆ ಕೋಣೆಯಲ್ಲಿ ಒಂದೇ ಹೊಲಿಗೆ ಮೆಷಿನಿನಿಂದ ಶುರು ಮಾಡಿದರು, ಮೊದಲ ಪ್ರದರ್ಶನದಲ್ಲೇ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಈಗ ಅವರ ಬಟ್ಟೆ ಮ್ಯೂಸಿಯಮ್ಮಿನಲ್ಲೂ ಉಂಟು, ಹೀಗೆ.

ಒಂದು ದಿನ ನಾನು ಗಿರಾಕಿಯಾಗಿ ಸೋಫಾದಲ್ಲಿ ಕೂತೆ. ಮೊಮ್ಮಗಳು ಮ್ಯಾನೇಜರ್ ಆಗಿ ಪೆನ್ಸಿಲ್ ಹಿಡಿದು ನಿಂತಳು.

"ಮೇಡಂ," ಎಂದಳು ಸೊಸೆ ಕೈ ಕಟ್ಟಿ, "ಈ ಮುಗಿಯದ ಅಂಚು ಹೆಣ್ಣಿನ ಬದುಕಿಗೆ ಎಲ್ಲೆಯಿಲ್ಲ ಎಂಬುದರ ಸಂಕೇತ."

"ಹಬ್ಬದ ಹಿಂದಿನ ದಿನ ನಮ್ಮ ದರ್ಜಿ ಕೊಡುತ್ತಿದ್ದ ರವಿಕೆಯಲ್ಲಿಯೂ ಇದೇ ಸಂಕೇತ ಇರುತ್ತಿತ್ತು," ಎಂದೆ ನಾನು.

ಮೊಮ್ಮಗಳು ಪೆನ್ಸಿಲ್ ಕುಟ್ಟಿದಳು. "ಅಜ್ಜಿ, ಯು ಆರ್ ಎ ವೆರಿ ಡಿಫಿಕಲ್ಟ್ ಕಸ್ಟಮರ್!"

ಅಸಲಿಯೂ ನಕಲಿಯೂ

ನಮ್ಮ ಎದುರು ಫ್ಲಾಟಿನಲ್ಲಿ ಮಂಗಳೂರಿನ ಬಾಯಮ್ಮ ಇದ್ದಾರೆ, ಆಸ್ಪತ್ರೆಯಲ್ಲಿ ನರ್ಸ್. ತಂಗಿಯ ಮಗಳ ಮದುವೆಗೆಂದು ಅವರೂ ಅದೇ ಡಿಸೈನರಿನ ಗೌನ್ ತಂದರು. ಮಾಲಿನಿಂದ ಅಲ್ಲ, ನಮ್ಮ ಕರಾಮದ್ದೇ ಒಂದು ಅಂಗಡಿಯ ಹಿಂದಿನ ಕೋಣೆಯಿಂದ. ಹಾಕಿಕೊಂಡು ಬಂದು ನಮ್ಮ ಹಾಲ್‌ನಲ್ಲಿ ಗಿರ್ರನೆ ತಿರುಗಿದರು.

ಸೊಸೆ ಒಂದೇ ಸಲ ನೋಡಿದಳು. "ಬಾಯಮ್ಮ, ಇದು ನಕಲಿ."

"ಅಯ್ಯೋ, ಹೇಗೆ ಗೊತ್ತಾಯ್ತು?"

"ಅಂಚು ಹೊಲಿದಿದ್ದಾರೆ. ನಮ್ಮ ಮ್ಯಾನೇಜರ್ ಹೇಳಿಕೊಟ್ಟಿದ್ದಾರಲ್ಲ, ಎಳೆ ಬಿಟ್ಟರೆ ಅಸಲಿ, ಹೊಲಿದರೆ ನಕಲಿ."

ಬಾಯಮ್ಮ ಗೌನಿನಲ್ಲೇ ಧಡಧಡ ಇಳಿದು ಅಂಗಡಿಗೆ ಹೋದರು. ತಮಾಷೆ ನೋಡಲು ನಾನೂ ಹಿಂದೆ ಹೋದೆ. ಅಂಗಡಿಯ ಮಲಯಾಳಿ ಎಲ್ಲ ಕೇಳಿಸಿಕೊಂಡ. ಅವನ ಮುಖದಲ್ಲಿ ನಾಚಿಕೆಯಿಲ್ಲ, ಬೇಸರ.

"ಚೇಚಿ," ಎಂದ, "ನಕಲಿ ಮಾಲು ಅಂತ ಕೆಲಸದಲ್ಲಿ ಮೋಸ ಮಾಡ್ಲಿಕ್ಕಾಗ್ತದಾ?"

ಕಾಲುಂಗುರ

ಮೂರು ತಿಂಗಳು ಮುಗಿಯಲು ವಾರ ಇರುವಾಗ ಸುದ್ದಿ ಬಂತು: ಡಿಸೈನರಮ್ಮ ಸ್ವತಃ ಅಂಗಡಿಗೆ ಬರುತ್ತಾರೆ. ಆ ದಿನ ಹಾಕಿಕೊಳ್ಳಲೆಂದು ಕೆಲಸದ ಹೆಣ್ಣುಮಕ್ಕಳಿಗೆಲ್ಲ ಒಂದೊಂದು ಕಪ್ಪು ಗೌನ್ ಕೊಟ್ಟರು. ಯಾರನ್ನು ಖಾಯಂ ಮಾಡುವುದು, ಯಾರನ್ನು ಬಿಡುವುದು ಎಂದು ಮ್ಯಾನೇಜರ್ ಅಂದೇ ತೀರ್ಮಾನಿಸುತ್ತಾರಂತೆ.

ಹಿಂದಿನ ದಿನ ಮಧ್ಯಾಹ್ನ ಸೊಸೆ ಗೌನ್ ಹಾಕಿ ನಡೆದು ನೋಡಿದಳು. ನಾಲ್ಕು ಹೆಜ್ಜೆ. ಅಂಚಿನ ಎಳೆ ಕಾಲುಂಗುರಕ್ಕೆ ಸಿಕ್ಕಿತು, ಧೊಪ್ಪೆಂದು ಟಿ.ವಿ.ಯ ಎದುರು ಬಿದ್ದಳು. ಎದ್ದು ಮತ್ತೆ ನಡೆದಳು. ಮತ್ತೆ ಸಿಕ್ಕಿತು.

"ಕಾಲುಂಗುರ ತೆಗೆದಿಡುತ್ತೇನೆ," ಎಂದಳು.

"ಗಂಡ ಮರಳುಗಾಡಿನಲ್ಲಿರುವಾಗ ಕಾಲುಂಗುರ ತೆಗೆಯುವುದಾ? ಬಿಡ್ತು ಅನ್ನು!"

ಅವಳು ಮಗಳನ್ನು ಟ್ಯೂಷನ್ನಿಗೆ ಬಿಡಲು ಹೋದಳು. ಗೌನ್ ಬಾಗಿಲಿಗೆ ತೂಗಿಕೊಂಡು ನನ್ನನ್ನೇ ನೋಡುತ್ತಿತ್ತು. ದೊಡ್ಡವರ ಎದುರು ಬಿದ್ದು ಹಲ್ಲು ಮುರಿದುಕೊಳ್ಳುವುದಕ್ಕಿಂತ ನಕಲಿ ಕಾಣುವುದು ಮೇಲಲ್ಲವಾ? ನನ್ನ ಪೆಟ್ಟಿಗೆಯಲ್ಲಿ ಊರಿನಿಂದ ತಂದ ಫಾಲುಗಳಿದ್ದವು, ಒಂದು ಕಪ್ಪು ಬಣ್ಣದ್ದೇ. ಆಮೇಲೆ ಕುಗ್ಗದ ಹಾಗೆ ನೀರಿನಲ್ಲಿ ಅದ್ದಿ ಬಾಲ್ಕನಿಯಲ್ಲಿ ಹಾಕಿದೆ. ಈ ಊರಿನ ಬಿಸಿಲಿಗೆ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಒಣಗಿತು. ಎಳೆಗಳನ್ನೆಲ್ಲ ಒಳಗೆ ಮಡಿಸಿ, ಸುತ್ತಲೂ ಫಾಲ್ ಇಟ್ಟು, ಹೊರಗೆ ಒಂದು ಚುಕ್ಕೆ ಕಾಣದ ಹಾಗೆ ಕೈಹೊಲಿಗೆ ಹಾಕಿದೆ. ಗೌನ್ ಕಂಬದ ಹಾಗೆ ನೆಟ್ಟಗೆ ನಿಂತಿತು.

ಸೊಸೆ ನೋಡಿದ್ದು ಮರುದಿನ ಬೆಳಿಗ್ಗೆ, ಹೊರಡುವ ಹೊತ್ತಿಗೆ. ಬೈಯಲಿಲ್ಲ, ಅತ್ತುಬಿಟ್ಟಳು. "ಖಲಾಸ್ ಅತ್ತೆ. ಎಲ್ಲ ಖಲಾಸ್. ಎಂಥ ಕೆಲಸ ಮಾಡಿದ್ರಿ?"

ಬಿಚ್ಚೋಣವೆಂದರೆ ಹೊತ್ತಿಲ್ಲ. ನನ್ನ ಹೊಲಿಗೆಯನ್ನು ಬಿಚ್ಚಲು ನನಗೇ ಅರ್ಧ ದಿನ ಬೇಕು.

"ನಾನೇ ಬಂದು ಹೇಳುತ್ತೇನೆ, ತಪ್ಪು ನನ್ನದು ಅಂತ," ಎಂದು ಚಪ್ಪಲಿ ಮೆಟ್ಟಿದೆ. ಸೂಜಿ ದಾರದ ಡಬ್ಬಿಯನ್ನು, ಉಳಿದ ಫಾಲನ್ನು ಯಾಕೆ ಚೀಲಕ್ಕೆ ಹಾಕಿಕೊಂಡೆನೋ ಗೊತ್ತಿಲ್ಲ. ಅಭ್ಯಾಸ ಬಲ.

ಅಮೆರಿಕದವರು ಬಂದರು

ಅಂಗಡಿಯಲ್ಲಿ ಆರು ಹೆಣ್ಣುಮಕ್ಕಳು ಸಾಲಾಗಿ ನಿಂತರು. ಐವರ ಕಾಲಬುಡದಲ್ಲಿ ನಾರು, ನಮ್ಮವಳದ್ದು ಒಂದೇ ಗೀಟು ಎಳೆದ ಹಾಗೆ. ಮ್ಯಾನೇಜರಮ್ಮನ ಮುಖ ಸುಟ್ಟ ಬದನೆಕಾಯಿ.

"ಕರಾಮದ ನಕಲಿ ಹಾಕಿಕೊಂಡು ಮೇಡಂ ಎದುರು ನಿಲ್ತೀಯಾ? ಇವತ್ತೇ ನಿನ್ನ ಕೊನೆಯ ದಿನ!" ಎಂದಳು ಇಂಗ್ಲಿಷಿನಲ್ಲಿ. ನನಗೆ ಕರಾಮ ಎಂಬುದೊಂದೇ ತಿಳಿದದ್ದು, ಉಳಿದದ್ದನ್ನು ಸೊಸೆಯ ಮುಖ ಹೇಳಿತು.

ಅಷ್ಟರಲ್ಲಿ ಡಿಸೈನರಮ್ಮ ಬಂದೇ ಬಂದರು. ನನ್ನದೇ ಪ್ರಾಯ, ಬಿಳಿ ಕೂದಲು, ಕೈಯಲ್ಲಿ ಕೋಲು. ಸಾಲಿನುದ್ದಕ್ಕೂ ನೋಡುತ್ತಾ ಬಂದು ಸೊಸೆಯ ಎದುರು ನಿಂತರು. ಕೋಲಿನ ತುದಿಯಿಂದ ಗೌನಿನ ಅಂಚು ಎತ್ತಿ ಒಳಗಿನ ಫಾಲ್ ನೋಡಿದರು. ಬಗ್ಗಿ ಬೆರಳಾಡಿಸಿದರು.

"ಇದನ್ನು ಹೊಲಿದದ್ದು ಯಾರು?"

ಸೊಸೆ ನನ್ನ ಕಡೆ ತಿರುಗಿದಳು, ನಾನು ಹೋಗದ ಶಾಲೆಯ ಮಗುವಿನ ಹಾಗೆ ಕೈ ಎತ್ತಿದೆ. ಯಾಕೆ ಎಂದರು. ಭಾಷೆ ಬಾರದಿದ್ದರೆ ಕಾಲು ಉಂಟಲ್ಲ, ಕಾಲು ಮುಂದೆ ಚಾಚಿ ಕಾಲುಂಗುರ ತೋರಿಸಿದೆ, ಎಳೆ ಸಿಕ್ಕಿ ಸೊಸೆ ಬಿದ್ದದ್ದನ್ನು ಅರ್ಧ ಬಿದ್ದೇ ತೋರಿಸಿದೆ. ಮ್ಯಾನೇಜರಮ್ಮ ನನ್ನನ್ನು ಹಿಡಿಯಲು ಓಡಿಬಂದಳು.

ಅಮೆರಿಕದವರು ಕೋಲು ಬಿಟ್ಟು ನಕ್ಕರು. ನಕ್ಕು ಕುರ್ಚಿಯಲ್ಲಿ ಕೂತು, ನನ್ನನ್ನೂ ಪಕ್ಕದಲ್ಲಿ ಕೂರಿಸಿ ಹೇಳಿದ್ದನ್ನು ಸೊಸೆ ನನಗೆ ಹೇಳಿದಳು:

"ಮೊದಲ ಪ್ರದರ್ಶನದ ಬಟ್ಟೆಗಳಿಗೆ ಅಂಚು ಹೊಲಿಯಬೇಕಾಗಿದ್ದದ್ದು ಇವರ ಅಮ್ಮನಂತೆ ಅತ್ತೆ. ಅವರಿಗೆ ಜ್ವರ ಬಂತಂತೆ. ಬೇರೆ ದಾರಿಯಿಲ್ಲದೆ ಹಾಗೆಯೇ ಹಾಕಿ ನಡೆಸಿದರಂತೆ. ಜನ ಚಪ್ಪಾಳೆ ಹೊಡೆದರು, ಪತ್ರಿಕೆಯವರು ಅರ್ಥ ಬರೆದರು. ಆಮೇಲೆ ಹೊಲಿಯಲಿಕ್ಕೆ ಯಾರೂ ಬಿಡಲಿಲ್ಲವಂತೆ. ಅಮ್ಮ ಸಾಯುವವರೆಗೂ ಕೇಳುತ್ತಿದ್ದರಂತೆ, ಆ ಕೆಲಸ ಯಾವಾಗ ಮುಗಿಸುತ್ತೀ ಅಂತ."

ಆ ಮಾತಿಗೆ ನನ್ನ ಕಣ್ಣು ಒದ್ದೆಯಾಯಿತು. ಅವರದ್ದೂ.

ಅವರು ಸೊಸೆಯ ಕೆನ್ನೆ ತಟ್ಟಿ ಮ್ಯಾನೇಜರಮ್ಮನಿಗೆ ಹೇಳಿದರಂತೆ, "ನನ್ನ ಅಂಗಡಿಯಲ್ಲಿ ಮುಗಿದ ಬಟ್ಟೆ ಇದೊಂದೇ. ಈ ಹುಡುಗಿಯನ್ನು ಬಿಡಬೇಡ." ಬದನೆಕಾಯಿ ಕ್ಷಣದಲ್ಲಿ ತಾವರೆಯಾಯಿತು.

ಆಮೇಲೆ ಅವರು ಮೆಲ್ಲಗೆ ತಮ್ಮ ಲಂಗದ ಅಂಚು ಎತ್ತಿ ತೋರಿಸಿದರು. ಅದೂ ನಾರು. ಕೋಲನ್ನು ತೋರಿಸಿ ಮೂರು ಬೆರಳು ಎತ್ತಿದರು. ಸೊಸೆ ಹೇಳುವ ಮೊದಲೇ ನನಗೆ ಅರ್ಥವಾಯಿತು: ಮೂರು ಸಲ ಬಿದ್ದಿದ್ದಾರೆ!

ಟ್ರಯಲ್ ರೂಮಿನ ಬಾಗಿಲಿಗೆ ಮ್ಯಾನೇಜರಮ್ಮ ಕಾವಲು. ಒಳಗೆ ನಾನು, ಅವರು, ಸೊಸೆ.

"ಹೊರಗೆ ಎಳೆ ಇರಲೇಬೇಕಂತೆ ಅತ್ತೆ, ಜನರಿಗೆ ಗೊತ್ತಾಗಬಾರದಂತೆ."

"ಅಷ್ಟು ನನಗೆ ಗೊತ್ತಿಲ್ಲವಾ ಮಾರಾಯ್ತಿ? ಫಾಲ್ ಎಲ್ಲಿಯಾದರೂ ಹೊರಗೆ ಕಾಣುತ್ತದಾ?" ಎಂದು ಎಳೆಗಳನ್ನು ನಾಲ್ಕು ಬೆರಳು ಹೊರಗೆ ಬಿಟ್ಟು, ಒಳಗೆ ಫಾಲ್ ಹಚ್ಚಿದೆ. ಅದರ ಭಾರಕ್ಕೆ ಅಂಚು ಕಾಲಿಗೆ ಸುತ್ತದೆ ನೆಟ್ಟಗೆ ಇಳಿಯಿತು. ಅವರು ಎದ್ದು ಕೋಲಿಲ್ಲದೆ ಆರು ಹೆಜ್ಜೆ ನಡೆದು ನನ್ನನ್ನು ಅಪ್ಪಿಕೊಂಡರು.

ಹೊಸ ಪಾಠ

ಸೊಸೆ ಖಾಯಂ ಆದಳು. ಮಗ ರಜೆಯ ದಿನ ಬಂದು ಪಾಯಸ ಉಂಡು ಹೋದ. ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಸೊಸೆ ದೋಸೆ ಹುಯ್ಯುತ್ತಾ ಮತ್ತೆ ಉರು ಹೊಡೆಯುತ್ತಿದ್ದಳು. ಡಿಸೈನರಮ್ಮ ಅದೇ ಲಂಗ ಹಾಕಿದ ಫೋಟೋ ಪತ್ರಿಕೆಯಲ್ಲಿ ಬಂದಿತ್ತಂತೆ, ತಿಳಿದವರು ಬರೆದಿದ್ದರಂತೆ, ಅಂಗಡಿಯವರು ಅದನ್ನೂ ಪುಸ್ತಕಕ್ಕೆ ಸೇರಿಸಿದ್ದರಂತೆ.

"ಎಂತ ಬರೆದಿದ್ದಾರೆ?" ಎಂದೆ.

ಸೊಸೆ ಸೌಟು ಹಿಡಿದು ನೆಟ್ಟಗೆ ನಿಂತಳು. "ಮೇಡಂ ಅವರ ಅಂಚು ಈಗ ಗಾಳಿಗೆ ಹಾರುವುದಿಲ್ಲ, ನೇರವಾಗಿ ನೆಲದ ಕಡೆಗೆ ಇಳಿಯುತ್ತದೆ. ಐವತ್ತು ವರ್ಷಗಳ ಸಾಧನೆಯ ನಂತರ ಅವರ ಕಲೆಗೆ ಬಂದ ಗಾಂಭೀರ್ಯ ಅದು."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ, ದೋಸೆ ಸೀದುಹೋಯಿತು.

"ಗಾಂಭೀರ್ಯ ಸಾಲದಿದ್ದರೆ ಹೇಳಲಿ ಮಗಾ," ಎಂದೆ, "ಪೆಟ್ಟಿಗೆಯಲ್ಲಿ ಇನ್ನೂ ನಾಲ್ಕು ಫಾಲ್ ಉಂಟು. ಕಪ್ಪು ಮುಗಿಯಿತು, ಗಿಳಿಹಸಿರು ಆಗ್ತದಾ ಕೇಳು."