ಸಂದಿಯಲ್ಲಿ ಸಿಕ್ಕ ಕಮರಿವೀರ

ತುಂಗಭದ್ರೆಯ ಕಮರಿಯನ್ನು ಬಳ್ಳಾರಿಯ ಗುಮಾಸ್ತನೊಬ್ಬ ಕಾಲ್ನಡಿಗೆಯಲ್ಲಿ ದಾಟುವುದಿದ್ದರೆ ಅದು ನಾನೇ ಎಂದು ಒಂದು ಭಾನುವಾರ ಬೆಳಿಗ್ಗೆ ಘೋಷಿಸಿಬಿಟ್ಟೆ! ಅಣೆಕಟ್ಟು ಏಳುತ್ತಿದ್ದ ಕಾಲ. ಅದು ಮುಗಿದ ಮೇಲೆ ಹೊಳೆ ಹೀಗೇ ಇರುತ್ತದೆಂದು ಯಾರು ಬಲ್ಲರು? ಹಂಪಿಯಿಂದ ಕೆಳಕ್ಕೆ ಎರಡೂ ಕಡೆ ಆನೆಗಾತ್ರದ ಬಂಡೆಗಳು, ನಡುವೆ ಭೋರ್ಗರೆಯುವ ನೀರು, ಆ ನೀರಿನ ಅಂಚಿನಲ್ಲಿ ನಾನು! ಕಚೇರಿಯ ಗೆಳೆಯ ಉಚ್ಚೆಂಗೆಪ್ಪನೂ ಜೊತೆಗೆ ಬರುವುದೆಂದು ನಿಶ್ಚಯವಾಗಿತ್ತು.

ನನ್ನ ಹೆಂಡತಿ ಕೊಟ್ರಬಸಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಕೇಳಿದಳು:

“ಸಂತಿಗೆ ಹೋಗಾಕ ಜಟಕಾ ಬೇಕು ಅಂತೀರಿ. ಆ ಕಣಿವ್ಯಾಗ ನಿಮ್ಮನ್ನ ಯಾರು ಹೊರ್ತಾರ್ರೀ?”

“ಅಭ್ಯಾಸ ಮಾಡ್ಕೊಂತೀನಿ. ಇವತ್ತಿನಿಂದಾನ!”

“ಮಾಡ್ಕೊಳ್ರಿ. ಆದ್ರ ಗದ್ಲ ಮಾಡಬ್ಯಾಡ್ರಿ. ಗಿಡ್ಡಮ್ಮತ್ತಿ ಮಗಳನ್ನ ನೋಡಾಕ ಸಿರುಗುಪ್ಪದಿಂದ ಮಂದಿ ಬರ್ತಾರ. ನಾನು ಅಲ್ಲೇ ಇರ್ತೀನಿ.”

ಗಿಡ್ಡಮ್ಮ ನಮ್ಮ ಪಕ್ಕದ ಮನೆಯವಳು. ಗಂಡನಿಲ್ಲದ ಹೆಂಗಸು. ಮಗಳು ಪಕ್ಕೀರಮ್ಮನಿಗೆ ಕೂಡಿಬಂದ ಸಂಬಂಧಗಳೆಲ್ಲ ಕೊನೆಗಳಿಗೆಯಲ್ಲಿ ಮುರಿದು, ತಾಯಿ ಹೆದರಿ ಹಣ್ಣಾಗಿದ್ದಳು.

ಅಭ್ಯಾಸಕ್ಕೆ ಕಮರಿ ಬೇಕಲ್ಲ! ನಮ್ಮ ಮನೆಗೂ ಗಿಡ್ಡಮ್ಮನ ಮನೆಗೂ ನಡುವೆ ಒಂದು ಇಕ್ಕಟ್ಟಾದ ಸಂದಿಯಿತ್ತು. ಎರಡೂ ಕಡೆ ಮಣ್ಣಿನ ಗೋಡೆ. ಖಾಕಿ ಚಡ್ಡಿ ತೊಟ್ಟೆ. ಬೆನ್ನಿಗೆ ಗಂಟು ಬಿಗಿದೆ. ಧೂಳು ಬಡಿಯದಂತೆ ಮುಖಕ್ಕೆ ಟವೆಲ್ ಸುತ್ತಿದೆ. ಸೊಂಟಕ್ಕೆ ಬಾವಿಯ ಹಗ್ಗ ಕಟ್ಟಿಕೊಂಡು ಮಾಳಿಗೆಯ ಅಂಚಿಗೆ ಬಂದೆ. ಹಗ್ಗದ ಇನ್ನೊಂದು ತುದಿ ಉಚ್ಚೆಂಗೆಪ್ಪನ ಕೈಯಲ್ಲಿ.

“ಇಳಿಯಲೇ, ನಾನು ಅದೀನಿ!” ಎಂದ.

ಇಳಿದೆ. ಅರ್ಧಕ್ಕೆ ಸಿಕ್ಕಿಕೊಂಡೆ! ಹೊಟ್ಟೆ ನಮ್ಮ ಗೋಡೆಗೆ, ಗಂಟು ಗಿಡ್ಡಮ್ಮನ ಗೋಡೆಗೆ. ಸಾಲೆಯಲ್ಲಿ ಲೋಪಸಂಧಿ, ಆಗಮಸಂಧಿ ಎಲ್ಲ ಕಲಿತಿದ್ದೆ. ಈ ಸಂದಿಯಲ್ಲಿ ಮಾತ್ರ ಆಗಮವುಂಟು, ನಿರ್ಗಮವಿಲ್ಲ! ನನ್ನ ಕಮರಿಯ ಉತ್ಸಾಹ ಅಲ್ಲೇ ಕಮರಿಹೋಯಿತು.

“ಎಳಿಯೋ!” ಎಂದೆ.

“ಬರವಲ್ಲಿ! ಕಾಲು ಕೊಟ್ಟು ಒದಿ!”

ನಮ್ಮ ಗೋಡೆಗೆ ಎರಡೂ ಕಾಲು ಕೊಟ್ಟು, ಮೈಯ ಬಲವನ್ನೆಲ್ಲ ಕೂಡಿಸಿ ಒದ್ದೆ. ನಮ್ಮ ಗೋಡೆ ಅಲುಗಲಿಲ್ಲ. ಹೋದ ಮಳೆಗಾಲದಲ್ಲಿ ನೆನೆದು ಸಡಿಲವಾಗಿದ್ದ ಗಿಡ್ಡಮ್ಮನ ಗೋಡೆ ಬೆನ್ನ ಹಿಂದೆ ಒಮ್ಮೆ ನಿಟ್ಟುಸಿರಿಟ್ಟಿತು. ಮರುಕ್ಷಣ ಧಡಾರ್! ಮಣ್ಣು, ಗಂಟು, ನಾನು, ಎಲ್ಲ ಒಟ್ಟಿಗೆ ಆಕೆಯ ಪಡಸಾಲೆಯಲ್ಲಿ ಬಿದ್ದೆವು!

ಧೂಳು ಇಳಿಯಿತು. ಜಮಖಾನೆಯ ಮೇಲೆ ಸಿರುಗುಪ್ಪದ ಬೀಗರು ಬಾಯಿ ತೆರೆದು ಕುಳಿತಿದ್ದರು. ಒಬ್ಬರು ಬಾಯಿಗೆತ್ತಿದ ಮಂಡಾಳ ಒಗ್ಗರಣೆಯ ಮಂಡಕ್ಕಿ ಕೈಯಲ್ಲೇ ಇತ್ತು. ಪಕ್ಕೀರಮ್ಮ ತಾಯಿಯ ಹಿಂದೆ ಸರಿದಿದ್ದಳು.

“ಕಳ್ಳ! ಹಾಡಾ ಹಗಲಾ ಕನ್ನ ಹಾಕ್ಯಾನ್ರೋ!” ಎಂದು ಯಾರೋ ಕಿರುಚಿದರು.

ಹುಡುಗನ ಸೋದರಮಾವ ಹುಲುಗಪ್ಪನವರು ಮೀಸೆಯ ಮಣ್ಣು ಕೊಡವಿ ಎದ್ದರು. “ತಡೀರಿ. ಇವ ನಿಮ್ಮ ಪೈಕಿ ಯಾರಾರ ಏನು? ಇಂಥಾ ಹುಚ್ಚರ ಸಂಬಂಧ ನಮಗ ಬ್ಯಾಡ.”

ಪಕ್ಕೀರಮ್ಮನ ಕಣ್ಣು ತುಂಬಿತು. ಗಿಡ್ಡಮ್ಮ ಕಂಬ ಹಿಡಿದುಕೊಂಡಳು. ನಾನು ಟವೆಲ್ಲಿನೊಳಗಿಂದ ಮಣ್ಣು ಉಗುಳುತ್ತ, ನನ್ನ ಅರ್ಧಾಂಗಿಯತ್ತ ಕೈ ಚಾಚಿದೆ. ಅವಳು ನನ್ನನ್ನು ನೋಡಿದಳು. ಹುಡುಗಿಯನ್ನು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಹೇಳಿದಳು:

“ಯಾರೋ ಗೊತ್ತಿಲ್ರಿ. ನಮ್ಮ ಓಣ್ಯಾಗ ಇವನ್ನ ನೋಡೇ ಇಲ್ಲ!”

ಅಗ್ನಿಸಾಕ್ಷಿಯಾಗಿ ಕೈಹಿಡಿದವಳು!

“ಹಂಗಾದ್ರ ಪೊಲೀಸರಿಗೆ ಕೊಡೂನು,” ಎಂದರು ಹುಲುಗಪ್ಪ.

“ಪೊಲೀಸು ಯಾಕ ಬಿಡ್ರಿ,” ಎಂದಳು ಆ ಕರುಣಾಮಯಿ. “ಎರಡು ಬಿಟ್ಟು ಕಳಸ್ರಿ.”

“ನಾನು ಬಿಡ್ತೀನ್ರೀ!” ಎಂದು ಜನರನ್ನು ಸರಿಸಿ ಒಬ್ಬ ತೋಳು ಮಡಚುತ್ತ ಬಂದ. ಉಚ್ಚೆಂಗೆಪ್ಪ! ಬಿಟ್ಟೇಬಿಟ್ಟ!

ಹುಲುಗಪ್ಪನವರು ಒಡೆದ ಗೋಡೆಯನ್ನೇ ನೋಡುತ್ತಿದ್ದರು. “ಹಗಲೊತ್ತಿನ್ಯಾಗ ಕನ್ನ ಹಾಕಾಕ ಬಂದಾನಂದ್ರ ಕುಳ ಗಟ್ಟಿ ಐತಿ!” ಎಂದು ಅಳಿಯನ ಕಿವಿಯಲ್ಲಿ ಹೇಳಿದರು. ಸಂಬಂಧ ಅಲ್ಲೇ ಗಟ್ಟಿಯಾಯಿತು!

ಸಿರುಗುಪ್ಪದಲ್ಲಿ ಮದುವೆ. ಇಡೀ ಓಣಿ ಬಸ್ಸು ಹತ್ತಲು ಸಜ್ಜಾಯಿತು. ನಾನೂ ಹೊಸ ಧೋತರ ಉಟ್ಟು ಹೊರಬಂದೆ. ಕೊಟ್ರಬಸಮ್ಮ ಬಾಗಿಲಲ್ಲೇ ತಡೆದು ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟಳು.

“ನೀವೆಲ್ಲಿಗ್ರೀ? ಮಾರಿ ಕಾಣದಿದ್ರೂ ಹೊಟ್ಟಿ ನೋಡೇ ಅವರು ಗುರ್ತು ಹಿಡೀತಾರ. ಸುಮ್ನ ಮನಿ ಕಾಯ್ರಿ. ಈ ಓಣ್ಯಾಗ ಕಳ್ಳರ ಕಾಟ ಭಾಳ ಐತಿ!”