ಕೊಟ್ಟಿಗೆ ಚಿಲಕದ ಸಿಟಾಡೆಲ್

ನನ್ನ ಹೆಂಡತಿಯನ್ನು ನಾನು ಮೊದಲು ನೋಡಿದ್ದು ಗ್ರಂಥಾಲಯದ ಮೇಜಿನಾಚೆ. ಹೆಬ್ಬೆರಳಿಗೆ ಮುದ್ರೆಯ ನೇರಳೆ ಶಾಯಿ, ಮೂಗಿನ ತುದಿಯಲ್ಲಿ ಕನ್ನಡಕ, ಎದುರಿಗೆ ನಾನು ಮನೆಗೊಯ್ಯಲು ಕೇಳಿದ ಇಂಗ್ಲಿಷ್ ನಿಘಂಟು. "ಇದು ಹೊರಗೆ ಹೋಗಲ್ಲ. ಇಲ್ಲೇ ಕೂತು ಓದಿ," ಎಂದಳು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಕೂತು ಓದುವುದೊಂದೇ ನನಗೆ ಗೊತ್ತಿದ್ದ ವಿದ್ಯೆ. ಕೂತೆ. 'ಸಿ' ಅಕ್ಷರ ಮುಗಿಯುವಷ್ಟರಲ್ಲಿ ಮದುವೆಯಾಯಿತು. (ಮುಂದಿನ ಅಕ್ಷರಗಳಿಗೆ ಪುರುಸೊತ್ತು ಸಿಗಲಿಲ್ಲ.)

ಹನ್ನೆರಡು ವರ್ಷಗಳ ಮೇಲೆ ಒಬ್ಬ ಪ್ರಕಾಶಕರು, ಮಕ್ಕಳಿಗೊಂದು ಇಂಗ್ಲಿಷ್-ಕನ್ನಡ ನಿಘಂಟು ತರುತ್ತಿದ್ದೇವೆ, ಮಾದರಿಗೆ ಒಂದು ಪದ ಬರೆದುಕೊಡಿ, ಒಪ್ಪಿಗೆಯಾದರೆ ಇಡೀ ಕೆಲಸ ನಿಮ್ಮದೇ ಎಂದರು. ನಾನು ಹುಟ್ಟಿದ್ದೇ ಇದಕ್ಕೆ ಅನ್ನಿಸಿತು. ಪದ: ಸಿಟಾಡೆಲ್. ಅರ್ಥ ಬರೆದೆ: ಪಟ್ಟಣವನ್ನು ಕಾಯುವ ಕೋಟೆ, ಶತ್ರು ನುಗ್ಗಿದರೆ ಜನರಿಗೆ ಕಟ್ಟಕಡೆಯ ಆಸರೆ. ಮೂಲ ಬರೆದೆ: ಇಟಲಿಯ ಭಾಷೆಯಲ್ಲಿ 'ಪುಟ್ಟ ಪಟ್ಟಣ' ಎಂಬರ್ಥದ ಮಾತು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಿದೆ. ಉಳಿದದ್ದು ಪ್ರಯೋಗ, ಅಂದರೆ ಆ ಪದವಿರುವ ಒಂದೇ ಒಂದು ವಾಕ್ಯ. ಮೂರು ದಿನ ಪೆನ್ನಿನ ಮುಚ್ಚಳ ಕಚ್ಚಿದರೂ ಅದು ಹುಟ್ಟಲಿಲ್ಲ. ಮನೆಯಲ್ಲಿ ಕುಕ್ಕರಿನ ಕೂಗು, ಮಗಳ ಮಗ್ಗಿ, ಹೆಂಡತಿಯ "ರೀ". ತಪ್ಪು ಸದ್ದಿನದೇ ಎಂದು ತೀರ್ಮಾನಿಸಿದೆ.

ಹಳೇ ಸಾಮಾನಿನ ಕೋಣೆಯನ್ನು ಖಾಲಿ ಮಾಡಿ, ನಮ್ಮಪ್ಪನ ದನದ ಕೊಟ್ಟಿಗೆಯಿಂದ ತಂದಿದ್ದ ಚಿಲಕವನ್ನು ಒಳಗಡೆ ಜಡಿದೆ. ಹೋರಿ ಗುದ್ದಿದರೂ ಜಗ್ಗದ ಚಿಲಕ.

"ಇಷ್ಟು ದೊಡ್ಡದು ಯಾಕ್ರೀ? ಯಾರು ದಂಡೆತ್ತಿ ಬರ್ತಾರೆ?"

"ನೀನೇ," ಎಂದು ಬಾಗಿಲೆಳೆದುಕೊಂಡು ಚಿಲಕ ಹಾಕಿದೆ.

ಅಂದೇ ಗಡುವಿನ ದಿನ, ಸಂಜೆ ಪ್ರಕಾಶಕರೇ ಬಂದು ಹಾಳೆ ಒಯ್ಯುವವರಿದ್ದರು. ಒಳಗೆ ದಿವ್ಯ ಮೌನ. ಆ ಮೌನದಲ್ಲಿ ನನಗೆ ಗಡದ್ದಾಗಿ ನಿದ್ದೆ ಬಂತು. ಎಚ್ಚರವಾದಾಗ ಪ್ರಕಾಶಕರ ದನಿ ಹೊರಗೆ ಕೇಳಿಸುತ್ತಿತ್ತು. ಚಿಲಕವನ್ನು ಎಳೆದೆ, ಜಗ್ಗಿದೆ, ಕೊನೆಗೆ ಬೇಡಿಕೊಂಡೆ. ಅದು ಹೋರಿಗೂ ಪದವೀಧರನಿಗೂ ಭೇದ ಮಾಡಲಿಲ್ಲ.

"ಚಿಲಕ ಬರ್ತಿಲ್ಲ ಕಣೇ," ಎಂದೆ, ಪಿಸುದನಿಯಲ್ಲಿ.

"ಹಾಳೆನಾದ್ರೂ ಕೆಳಗಿಂದ ತಳ್ಳಿ. ಅವರಿಗೆ ಬಸ್ಸಿಗೆ ಹೊತ್ತಾಯ್ತಂತೆ."

"ವಾಕ್ಯ ಬರೆದಿಲ್ಲ."

"ತಳ್ಳಿ," ಎಂದಳು, ಗ್ರಂಥಾಲಯದ ದನಿಯಲ್ಲಿ. ತಳ್ಳಿದೆ.

ಸ್ವಲ್ಪ ಹೊತ್ತಿಗೆ ಪ್ರಕಾಶಕರು ಗಟ್ಟಿಯಾಗಿ ಓದುವುದು ಕೇಳಿಸಿತು: "ನಮ್ಮಿಂದ ತಪ್ಪಿಸಿಕೊಳ್ಳಲು ನನ್ನ ಗಂಡ ಒಂದು ಸಿಟಾಡೆಲ್ ಕಟ್ಟಿಕೊಂಡರು, ಈಗ ಅವರನ್ನು ಅದರಿಂದ ಬಿಡಿಸಲು ನಾವೇ ಬಡಗಿಯನ್ನು ಕರೆಯಬೇಕು." ಆಮೇಲೆ ಅವರ ನಗು, ಮಗಳ ನಗು.

"ಅರ್ಥ, ಮೂಲ ಎಲ್ಲ ಪುಸ್ತಕದಲ್ಲೂ ಸಿಗುತ್ತೆ," ಎಂದರು ಪ್ರಕಾಶಕರು. "ಇಂಥ ವಾಕ್ಯ ಸಿಗಲ್ಲ. ಇದನ್ನ ಬರೆದೋರಿಗೇ ಕೆಲಸ, ತಾಯೀ. ಒಳಗಿರೋರು ಬೇಕಾದ್ರೆ ಸಹಾಯ ಮಾಡ್ಲಿ."

ಬಡಗಿ ಬಂದು ಬಾಗಿಲನ್ನೇ ಕಳಚಿದ. ಅದನ್ನು ಮತ್ತೆ ಹಾಕಿಸಲಿಲ್ಲ. ನಾಲ್ಕು ಕಾಲು ಜಡಿಸಿ ನಮ್ಮಿಬ್ಬರ ಬರೆಯುವ ಮೇಜು ಮಾಡಿಕೊಂಡೆವು. ನಿಘಂಟು ಈಗ 'ಎಂ' ಅಕ್ಷರಕ್ಕೆ ಬಂದಿದೆ. ಗ್ರಂಥಾಲಯ ಮುಚ್ಚಿ ಬಂದ ಮೇಲೆ ಅವಳು ದಿನಕ್ಕೆ ಹತ್ತು ವಾಕ್ಯ ಬರೆಯುತ್ತಾಳೆ. ನಾನು ಕರಡು ತಿದ್ದುತ್ತೇನೆ, ಮಗಳ ಮಗ್ಗಿ ಒಪ್ಪಿಸಿಕೊಳ್ಳುತ್ತೇನೆ, ಕುಕ್ಕರ್ ಮೂರು ಸಲ ಕೂಗಿದರೆ ಎದ್ದು ಆರಿಸುತ್ತೇನೆ.